ಸಂಚಾರಿ ದೂರವಾಣಿಯ ಸಂಕೇತಬಲ ಮತ್ತು ಅದರ ಅಳತೆ

ವಿಜ್ಞಾನದ ಉಪಕರಣವೊಂದು ಜನಜೀವನದೊಡನೆ ಬೆರೆತಷ್ಟೂ ಅದರ ಒಳತಿರುಳು ಜನರ ಕಣ್ಣಿಗೆ ಮರೆಯಾಗುತ್ತ ಹೋಗುವುದು ಒಂದು ವಿಚಿತ್ರ. ಮೊಬೈಲ್ ಎಂದು ಸರ್ವತ್ರ ಪ್ರಸಿದ್ಧವಾಗಿರುವ ಸಂಚಾರಿ ದೂರವಾಣಿಯ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಅದರ ಪರದೆಯ ಮೇಲ್ತುದಿಯ ಮೂಲೆಯಲ್ಲಿ ಗಿಡ್ಡದರಿಂದ ಎತ್ತರಕ್ಕೆ ಸಾಲಾಗಿ ನಿಂತ ನಾಲ್ಕೈದು ಗೆರೆಗಳಿರುತ್ತವೆ. ಜನರ ಬಾಯಲ್ಲಿ ಅವು ಕಡ್ಡಿಗಳು. ಕಡ್ಡಿ ತುಂಬಿದ್ದರೆ ಸಂಪರ್ಕ ಚೆನ್ನಾಗಿದೆ, ಒಂದೇ ಕಡ್ಡಿಯಿದ್ದರೆ ಕೆಟ್ಟಿದೆ ಎಂಬುದು ಎಲ್ಲರ ನಂಬಿಕೆ. ಆದರೆ ಕಡ್ಡಿಗಳೆಲ್ಲ ತುಂಬಿದ್ದರೂ ಒಂದು ಪುಟ ತೆರೆಯದೆ ಚಕ್ರ ಸುತ್ತುತ್ತಲೇ ಇರುವುದನ್ನೂ, ಎರಡೇ ಕಡ್ಡಿಯಲ್ಲಿ ಪಾಠದ ಚಿತ್ರ ತಡೆಯಿಲ್ಲದೆ ಓಡುವುದನ್ನೂ ಅದೇ ಜನರು ನಿತ್ಯ ಕಾಣುತ್ತಾರೆ. ಹಾಗಾದರೆ ಆ ಕಡ್ಡಿಗಳು ಅಳೆಯುವುದು ಏನನ್ನು? ನಿಜವಾದ ಅಳತೆ ಯಾವುದು?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿನ ಮೂಲಕ ನಡೆಯತೊಡಗಿದಾಗ ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಸಂಪರ್ಕವನ್ನು ಅರಸುತ್ತ ಗುಡ್ಡ ಹತ್ತಿದರು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಚಪ್ಪರದ ಕೆಳಗೆ, ಕೊಡೆಯ ನೆರಳಿನಲ್ಲಿ ಕುಳಿತು ಅವರು ಪಾಠ ಕೇಳಿದ ಸಂಗತಿ ಪತ್ರಿಕೆಗಳಲ್ಲಿ ಪದೇಪದೇ ಪ್ರಕಟವಾಯಿತು. ಆ ಊರುಗಳಿಂದ ಹೋದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಇದ್ದುದು ಒಂದೇ ಮಾತು: ನೆಟ್‌ವರ್ಕ್ ಇಲ್ಲ. ವೈದ್ಯನ ಬಳಿಗೆ ಹೋದ ರೋಗಿ ಮೈ ಸರಿಯಿಲ್ಲ ಎಂದಷ್ಟೇ ಹೇಳಿದಂತೆ ಇದು. ನೆಟ್‌ವರ್ಕ್ ಇಲ್ಲ ಎಂಬ ಒಂದು ಮಾತಿನ ಹಿಂದೆ ನಾಲ್ಕೈದು ಬೇರೆಬೇರೆ ರೋಗಗಳಿರಬಹುದು. ಒಂದಕ್ಕೆ ಹೊಸ ಗೋಪುರವೇ ಮದ್ದು. ಇನ್ನೊಂದಕ್ಕೆ ಗೋಪುರ ಎಷ್ಟು ನಿಲ್ಲಿಸಿದರೂ ಪ್ರಯೋಜನವಿಲ್ಲ. ಯಾವುದು ಯಾವುದೆಂದು ಬೇರ್ಪಡಿಸುವ ಸಾಧನವೇ ಅಳತೆ.

ಮೊಬೈಲ್ ಮತ್ತು ಗೋಪುರದ ನಡುವೆ ಸಂಚರಿಸುವುದು ವಿದ್ಯುತ್ಕಾಂತ ತರಂಗ. ಇಂತಹ ತರಂಗಗಳು ಇರಲೇಬೇಕೆಂದು ಗಣಿತದಿಂದ ತೋರಿಸಿದವನು ಮ್ಯಾಕ್ಸ್‌ವೆಲ್. 1880ರ ದಶಕದ ಕೊನೆಯಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದವನು ಹರ್ಟ್ಸ್. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅತಿ ಚಿಕ್ಕ ರೇಡಿಯೋ ತರಂಗಗಳನ್ನು ಪ್ರದರ್ಶಿಸಿ, ಅವು ಗೋಡೆಯನ್ನು ಹಾಯ್ದು ಹೋಗಿ ಗಂಟೆ ಬಾರಿಸುವುದನ್ನು ತೋರಿಸಿದರು. ಇಂದು ಐದನೆಯ ಪೀಳಿಗೆಯ ಸಂಪರ್ಕಕ್ಕೆಂದು ಭಾರತದಲ್ಲಿ ಹಂಚಲಾಗಿರುವ 26 ಗಿಗಾಹರ್ಟ್ಸ್ ಪಟ್ಟಿಯ ತರಂಗದೂರ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಬೋಸರು ಆಡಿದ ಅಂಗಳಕ್ಕೆ ಜಗತ್ತು ನೂರಿಪ್ಪತ್ತೈದು ವರ್ಷಗಳ ನಂತರ ಮರಳಿ ಬಂದಿದೆ ಎನ್ನಬಹುದು.

ತರಂಗವೊಂದರಿಂದಲೇ ಮೊಬೈಲ್ ಆಗಲಿಲ್ಲ. ದೊರೆಯುವ ಆವೃತ್ತಿಗಳು ಮಿತವಾದವು, ಮಾತಾಡಬೇಕಾದ ಜನ ಅಸಂಖ್ಯ. ಇದಕ್ಕೆ ಉಪಾಯವನ್ನು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಒಂದು ಟಿಪ್ಪಣಿ ಸೂಚಿಸಿತು. ನಾಡನ್ನೆಲ್ಲ ಜೇನುಹಲ್ಲೆಯ ಮನೆಗಳಂತೆ ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಕಡಿಮೆ ಶಕ್ತಿಯ ಪ್ರೇಷಕವನ್ನಿರಿಸಿ, ಒಂದು ಕೋಶದಲ್ಲಿ ಬಳಸಿದ ಆವೃತ್ತಿಯನ್ನೇ ದೂರದ ಇನ್ನೊಂದು ಕೋಶದಲ್ಲಿ ಮತ್ತೆ ಬಳಸುವುದೇ ಆ ಉಪಾಯ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದರು. 1979ರಲ್ಲಿ ಜಪಾನಿನ ಟೋಕಿಯೋದಲ್ಲಿ ಕೋಶಪದ್ಧತಿಯ ಸೇವೆ ಸಾರ್ವಜನಿಕರಿಗೆ ದೊರೆಯಿತು. ಭಾರತದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರಿಗೆ ಮಾಡಿದುದು ಮೊದಲ ಮೊಬೈಲ್ ಕರೆ. ಮಾತಿಗಾಗಿ ಹುಟ್ಟಿದ ಈ ಜಾಲ ಕ್ರಮೇಣ ಅಂತರ್ಜಾಲದ ವಾಹನವಾಯಿತು. ನಾಲ್ಕನೆಯ ಪೀಳಿಗೆಯ ಸೇವೆ 2012ರಲ್ಲಿಯೂ ಐದನೆಯದು 2022ರ ಅಕ್ಟೋಬರಿನಲ್ಲಿಯೂ ಭಾರತಕ್ಕೆ ಬಂದವು. ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದುದು 2013ರಲ್ಲಿ 512ಕ್ಕೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿದೆ.

ಕೋಶಪದ್ಧತಿಯ ಒಂದು ಗುಣವನ್ನು ಇಲ್ಲಿಯೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಾಲ್ಕನೆಯ ಪೀಳಿಗೆಯಲ್ಲಿ ಒಂದೇ ಆವೃತ್ತಿಯನ್ನು ಅಕ್ಕಪಕ್ಕದ ಕೋಶಗಳೂ ಬಳಸುವುದುಂಟು. ಆದುದರಿಂದ ಒಂದು ಗೋಪುರದ ಸಂಕೇತ ಅದರ ಗಡಿಯಲ್ಲಿರುವ ನೆರೆಯವನಿಗೆ ಉಪದ್ರವವಾಗುತ್ತದೆ. ಸಂಕೇತವೂ ಗದ್ದಲವೂ ಒಂದೇ ವಸ್ತುವಿನ ಎರಡು ಹೆಸರು. ಯಾರಿಗಾಗಿ ಬಂದಿತು ಎಂಬುದರಿಂದ ಮಾತ್ರ ಅವುಗಳಲ್ಲಿ ಭೇದ.

ಇನ್ನು ಅಳತೆಯ ವಿಚಾರ. ಗೋಪುರದ ಪ್ರೇಷಕವೊಂದು 40 ವ್ಯಾಟ್ ಶಕ್ತಿಯನ್ನು ಹೊರಸೂಸುತ್ತದೆಂದು ಇಟ್ಟುಕೊಳ್ಳೋಣ. 20 ಮೆಗಾಹರ್ಟ್ಸ್ ಅಗಲದ ನಾಲ್ಕನೆಯ ಪೀಳಿಗೆಯ ಪಟ್ಟಿಯೊಳಗೆ ತಲಾ 15 ಕಿಲೋಹರ್ಟ್ಸ್ ಅಂತರದ 1,200 ಸಣ್ಣ ವಾಹಕಗಳಿರುತ್ತವೆ. ಶಕ್ತಿಯನ್ನು ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ ಸುಮಾರು 33 ಮಿಲಿವ್ಯಾಟ್. ಇದು ಹೊಲ ಗದ್ದೆ ಮರ ಗೋಡೆಗಳನ್ನು ದಾಟಿ ಮೊಬೈಲನ್ನು ಮುಟ್ಟುವ ವೇಳೆಗೆ, ಸಾಧಾರಣ ಮಟ್ಟದ ಸಂಪರ್ಕವಿರುವ ಒಂದು ಮನೆಯಲ್ಲಿ, ಒಂದು ಮಿಲಿವ್ಯಾಟಿನ ಸಾವಿರ ಕೋಟಿಯಲ್ಲಿ ಒಂದು ಪಾಲು ಉಳಿದಿರುತ್ತದೆ. ಹೊರಟದ್ದರ ಮೂವತ್ತಮೂರು ಸಾವಿರ ಕೋಟಿಯಲ್ಲಿ ಒಂದಂಶ. ಅಷ್ಟರಿಂದಲೇ ಮೊಬೈಲ್ ಮಾತನ್ನೂ ಚಿತ್ರವನ್ನೂ ಪುನಃ ಕಟ್ಟಿಕೊಳ್ಳುತ್ತದೆ. ಎತ್ತಿ ಕುಕ್ಕಿದರೂ ಕೆಡದಂತೆ ಕಾಣುವ ಆ ಸಾಧನದ ಒಳಗಿನ ಸೂಕ್ಷ್ಮತೆ ಇಂಥದು.

ಇಷ್ಟು ಸೊನ್ನೆಗಳಿರುವ ಸಂಖ್ಯೆಗಳನ್ನು ಬಳಸುವುದು ತೊಡಕು. ಅದಕ್ಕಾಗಿ ಡೆಸಿಬೆಲ್ ಎಂಬ ಮಾನವಿದೆ. ದೂರವಾಣಿಯ ಜನಕ ಗ್ರಹಾಂ ಬೆಲ್ಲನ ಹೆಸರಿನಿಂದ ಬಂದದ್ದು. ಒಂದು ಮಿಲಿವ್ಯಾಟನ್ನು ಸೊನ್ನೆ ಎಂದು ಹಿಡಿದು, ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿದಾಗಲೆಲ್ಲ ಹತ್ತನ್ನು ಕಳೆಯುತ್ತ ಹೋಗಬೇಕು. ನೂರನೆಯ ಒಂದು ಪಾಲಾದರೆ -20, ಸಾವಿರದಲ್ಲಿ ಒಂದಾದರೆ -30. ಹೀಗೆ ಬಂದ ಮಾನವೇ ಡಿಬಿಎಂ. ಮೇಲೆ ಹೇಳಿದ ಸಾವಿರ ಕೋಟಿಯಲ್ಲಿ ಒಂದು ಪಾಲು ಈ ಮಾನದಲ್ಲಿ -100 ಆಗುತ್ತದೆ. ಸಂಖ್ಯೆಗಳೆಲ್ಲ ಋಣವಾಗಿರುವುದರಿಂದ ಹೊಸಬರು ಎಡವುವುದುಂಟು: -80 ಎಂಬುದು -100ಕ್ಕಿಂತ ದೊಡ್ಡದು, ಅದೂ ಇಪ್ಪತ್ತರಷ್ಟಲ್ಲ, ನೂರು ಮಡಿ. ಮೂರು ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತು ಎಂಬ ಒಂದು ಸೂತ್ರವನ್ನು ನೆನಪಿಟ್ಟರೆ ಮಿಕ್ಕ ಲೆಕ್ಕ ಬಾಯಲ್ಲೇ ಆಗುತ್ತದೆ.

ನಾಲ್ಕನೆಯ ಪೀಳಿಗೆಯ ಜಾಲದಲ್ಲಿ ಹೀಗೆ ಒಂದು ಸಣ್ಣ ವಾಹಕದ ಮೇಲೆ ಅಳೆದ ಶಕ್ತಿಗೆ ಆರ್‌ಎಸ್‌ಆರ್‌ಪಿ ಎಂದು ಹೆಸರು. -80 ಅಥವಾ ಅದಕ್ಕಿಂತ ಮೇಲೆ ಇದ್ದರೆ ಉತ್ತಮ. -100ರ ಆಸುಪಾಸು ಮಧ್ಯಮ. -110ಕ್ಕಿಂತ ಕೆಳಗಿಳಿದರೆ ದುರ್ಬಲ. -120ರ ಬಳಿ ಸಂಪರ್ಕ ಯಾವ ಕ್ಷಣದಲ್ಲಿಯೂ ಕಡಿಯಬಹುದು. ಈ -120 ಎಂಬ ಗಡಿಯನ್ನು ಯಾರೋ ಅಧಿಕಾರಿ ನಿಗದಿಮಾಡಿದ್ದಲ್ಲ. ಪ್ರತಿಯೊಂದು ವಸ್ತುವಿನಲ್ಲಿಯೂ ಶಾಖದಿಂದ ಅಣುಗಳು ಜುಗುಜುಗಿಸುತ್ತಿರುತ್ತವೆ. ಆ ಚಲನೆಯೇ ಒಂದು ಸಣ್ಣ ವಿದ್ಯುತ್ ಗದ್ದಲವನ್ನು ಹುಟ್ಟಿಸುತ್ತದೆ. ನಿತ್ಯದ ಉಷ್ಣತೆಯಲ್ಲಿ 15 ಕಿಲೋಹರ್ಟ್ಸ್ ಅಗಲದಲ್ಲಿ ಈ ಗದ್ದಲ ಸುಮಾರು -132 ಡಿಬಿಎಂ. ಮೊಬೈಲಿನೊಳಗಿನ ಗ್ರಾಹಕ ತನ್ನದನ್ನೂ ಏಳೆಂಟು ಡೆಸಿಬೆಲ್ ಸೇರಿಸುತ್ತದೆ. ಎಂದರೆ -125ರ ಆಚೀಚೆ ನಿಸರ್ಗವೇ ಹಾಸಿದ ನೆಲವೊಂದಿದೆ. ಸಂಕೇತ ಆ ನೆಲಕ್ಕೆ ತಾಗಿದ ಮೇಲೆ ಎಷ್ಟೇ ಬೆಲೆಬಾಳುವ ಮೊಬೈಲ್ ಆದರೂ ಹೆಚ್ಚೇನೂ ಮಾಡಲಾರದು.

ಹಳೆಯ ಎರಡನೆಯ ಪೀಳಿಗೆಯ ಸಂಖ್ಯೆಯನ್ನು ಈ ಸಂಖ್ಯೆಯೊಡನೆ ಹೋಲಿಸಬಾರದು ಎಂಬ ಎಚ್ಚರಿಕೆಯೂ ಅಗತ್ಯ. ಅಲ್ಲಿ ಅಳೆಯುವುದು ಇಡೀ ವಾಹಕದ ಒಟ್ಟು ಶಕ್ತಿಯನ್ನು. ಇಲ್ಲಿ 1,200 ಪಾಲುಗಳಲ್ಲಿ ಒಂದನ್ನು. ಒಂದರ ಪಾಲಿಗೂ ಒಟ್ಟಿಗೂ 31 ಡೆಸಿಬೆಲ್‌ಗಳ ಅಂತರ. ಮೊಬೈಲ್ ನಾಲ್ಕನೆಯ ಪೀಳಿಗೆಯಿಂದ ಎರಡನೆಯದಕ್ಕೆ ಜಾರಿದಾಗ ಕಡ್ಡಿಗಳು ತಟ್ಟನೆ ಏರುವುದಕ್ಕೆ ಇದೂ ಒಂದು ಕಾರಣ. ಕಡ್ಡಿ ಏರಿತೆಂದು ಹಿಗ್ಗುವವನಿಗೆ ದೊರೆತದ್ದು ಹಿಂದಿಗಿಂತ ನಿಧಾನವಾದ ದಾರಿ.

ಬಲವೊಂದನ್ನೇ ಅಳೆದರೆ ಸಾಲದು. ಅದು ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದೇ ಮುಖ್ಯ. ನಡುರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ಕೋಣೆಯ ಪಿಸುಮಾತೂ ಕೇಳುತ್ತದೆ. ತೇರೆಳೆಯುವ ಹೊತ್ತಿಗೆ ಜಾತ್ರೆಯ ನಡುವೆ ನಿಂತು ಕಿವಿಯ ಬಳಿ ಕೂಗಿದರೂ ಕೇಳುವುದಿಲ್ಲ. ಧ್ವನಿಯ ಬಲ ಎರಡನೆಯ ಸಂದರ್ಭದಲ್ಲಿಯೇ ಹೆಚ್ಚು, ಆದರೆ ಅರ್ಥವಾದದ್ದು ಮೊದಲನೆಯದರಲ್ಲಿ. ಬೇಕಾದ ಸಂಕೇತಕ್ಕೂ, ನೆರೆಯ ಕೋಶಗಳ ಉಪದ್ರವ ಮತ್ತು ಗದ್ದಲಗಳ ಒಟ್ಟು ಮೊತ್ತಕ್ಕೂ ಇರುವ ಅನುಪಾತವೇ ಎಸ್‌ಐಎನ್‌ಆರ್. 20 ಡೆಸಿಬೆಲ್ ಇದ್ದರೆ ಸಂಕೇತವು ಗದ್ದಲದ ನೂರು ಮಡಿ. ಸೊನ್ನೆಯಾದರೆ ಎರಡೂ ಸರಿಸಮಾನ. ಸೊನ್ನೆಗಿಂತ ಕೆಳಗಾದರೆ ಗದ್ದಲವೇ ದೊಡ್ಡದು.

ಈ ಅನುಪಾತದಿಂದ ವೇಗ ಹೇಗೆ ನಿರ್ಣಯವಾಗುತ್ತದೆ ಎಂಬುದನ್ನು ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತಸೂತ್ರವಾಗಿ ಕೊಟ್ಟನು. ಮೊಬೈಲ್ ಎಂಬ ವಸ್ತು ಇನ್ನೂ ಹುಟ್ಟದಿದ್ದ ಕಾಲದಲ್ಲಿ ಅದರ ಪರಮಾವಧಿಯನ್ನು ಕಾಗದದ ಮೇಲೆ ಗೊತ್ತುಮಾಡಿದ್ದು ಬುದ್ಧಿಯ ಒಂದು ಅದ್ಭುತ. 20 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಎಸ್‌ಐಎನ್‌ಆರ್ 20 ಇದ್ದಾಗ, ಒಂದೇ ಆಂಟೆನಾದ ಮೂಲಕ, ಸೆಕೆಂಡಿಗೆ ಸುಮಾರು 133 ಮೆಗಾಬಿಟ್ ದಾಟಿಸಬಹುದು. ಅದಕ್ಕಿಂತ ಹೆಚ್ಚು ಯಾವ ಯಂತ್ರದಿಂದಲೂ ಸಾಧ್ಯವಿಲ್ಲ. ಅನುಪಾತ 10ಕ್ಕೆ ಇಳಿದರೆ 69, ಸೊನ್ನೆಗೆ ಇಳಿದರೆ 20, ಸೊನ್ನೆಗಿಂತ ಐದು ಕೆಳಗಾದರೆ 8 ಮೆಗಾಬಿಟ್. ಈ ಮೊತ್ತ ಒಬ್ಬನಿಗೇ ಸಲ್ಲುವುದೂ ಅಲ್ಲ. ಗೋಪುರವು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೊಮ್ಮೆ ಯಾರಿಗೆ ಎಷ್ಟು ಎಂದು ಹಂಚುತ್ತಲೇ ಇರುತ್ತದೆ. 69 ಮೆಗಾಬಿಟ್‌ಗಳನ್ನು ಮೂವತ್ತು ಜನ ಒಂದೇ ಸಮಯದಲ್ಲಿ ಹಂಚಿಕೊಂಡರೆ ತಲೆಗೆ ಎರಡೂಕಾಲು. ಬ್ರಾಡ್‌ಬ್ಯಾಂಡಿನ ಕನಿಷ್ಠ ಮಿತಿಯನ್ನು ಆಗತಾನೆ ದಾಟಿದಷ್ಟು. ದಸರೆಯ ಜಂಬೂಸವಾರಿಯ ಹೊತ್ತಿಗೆ ಮೈಸೂರಿನ ರಾಜಬೀದಿಯಲ್ಲಿ ನಿಂತವನ ಮೊಬೈಲಿನಲ್ಲಿ ಕಡ್ಡಿಗಳು ತುಂಬಿರುತ್ತವೆ, ಒಂದು ಚಿತ್ರ ಕಳುಹಿಸಲಾಗುವುದಿಲ್ಲ. ಗೋಪುರ ಹತ್ತಿರದಲ್ಲೇ ಇದೆ; ಪಂಕ್ತಿಯಲ್ಲಿ ಕುಳಿತವರು ಮಾತ್ರ ಲೆಕ್ಕವಿಲ್ಲದಷ್ಟು.

ಹಾಗಾದರೆ ಕಡ್ಡಿಗಳಿಗೆ ಯಾವ ಬೆಲೆಯೂ ಇಲ್ಲವೆ ಎಂದು ಓದುಗರು ಕೇಳಬಹುದು. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಎಂಬುದಕ್ಕೆ ಸರ್ವಸಮ್ಮತವಾದ ನಿಯಮವೇ ಇಲ್ಲ; ತಯಾರಕರು ತಮಗೆ ತೋಚಿದಂತೆ ಅದನ್ನು ನಿಗದಿಮಾಡಿಕೊಳ್ಳುತ್ತಾರೆ. ಇದಕ್ಕೆ 2010ರ ಪ್ರಸಂಗವೊಂದು ಪ್ರಸಿದ್ಧ ನಿದರ್ಶನ. ಆ ವರ್ಷದ ಜೂನಿನಲ್ಲಿ ಆಪಲ್ ಕಂಪನಿಯ ಐಫೋನ್ 4 ಮಾರುಕಟ್ಟೆಗೆ ಬಂದಾಗ, ಅದರ ಎಡಗಡೆಯ ಕೆಳಮೂಲೆಯನ್ನು ಅಂಗೈಯಿಂದ ಹಿಡಿದ ಕೂಡಲೇ ಕಡ್ಡಿಗಳು ಸರಸರನೆ ಇಳಿಯುತ್ತವೆಂದು ಕೊಂಡವರು ದೂರಿದರು. ಆಂಟೆನಾವನ್ನು ಹೊರಚೌಕಟ್ಟಿನಲ್ಲಿಯೇ ಇರಿಸಿದ್ದುದರಿಂದ ಕೈ ತಗುಲಿದಾಗ ಬಲ ಕುಗ್ಗುತ್ತಿದ್ದುದು ನಿಜ. ಆದರೆ ಜುಲೈ 2ರಂದು ಕಂಪನಿ ಪ್ರಕಟಿಸಿದ ಪತ್ರದಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು: ಕಡ್ಡಿಗಳ ಸಂಖ್ಯೆಯನ್ನು ಲೆಕ್ಕಹಾಕುವ ಸೂತ್ರವೇ ಮೊದಲಿನಿಂದಲೂ ತಪ್ಪಾಗಿತ್ತು, ಎರಡು ಕಡ್ಡಿ ತೋರಿಸಬೇಕಾದಲ್ಲಿ ಎಷ್ಟೋ ಸಲ ನಾಲ್ಕು ತೋರಿಸಲಾಗುತ್ತಿತ್ತು. ದುರ್ಬಲ ಪ್ರದೇಶದಲ್ಲಿದ್ದವನು ತುಂಬಿದ ಕಡ್ಡಿಗಳನ್ನು ನೋಡಿ ನಂಬಿ ಕುಳಿತಿದ್ದನು. ಕೈ ತಗುಲಿದಾಗ ಇದ್ದಕ್ಕಿದ್ದಂತೆ ಬಯಲಾಯಿತು. ಸೂತ್ರವನ್ನು ತಿದ್ದುವುದರ ಜೊತೆಗೆ ಮೊದಲ ಮೂರು ಕಡ್ಡಿಗಳನ್ನು ಸ್ವಲ್ಪ ಎತ್ತರ ಮಾಡುವುದಾಗಿಯೂ ಅದೇ ಪತ್ರ ತಿಳಿಸಿತು. ಕಾಣಲು ಅನುಕೂಲ ಎಂಬುದು ಅದಕ್ಕೆ ಕೊಟ್ಟ ಕಾರಣ!

ತರಂಗವು ದಾರಿಯಲ್ಲಿ ಕ್ಷೀಣಿಸುವ ಬಗೆ ಆವೃತ್ತಿಯನ್ನೂ ನೆಲದ ರಚನೆಯನ್ನೂ ಅವಲಂಬಿಸಿದೆ. ತಡೆಯಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಬಲ ಕಾಲುಭಾಗವಾಗುತ್ತದೆ, ಅಂದರೆ 6 ಡೆಸಿಬೆಲ್ ನಷ್ಟ. ಮರ ಮನೆಗಳಿರುವಲ್ಲಿ ಇದು 9ರಿಂದ 12ರವರೆಗೂ ಹೋಗುತ್ತದೆ. ಕಾಂಕ್ರೀಟ್ ಗೋಡೆಯನ್ನು ದಾಟುವಾಗ ಹತ್ತಿಪ್ಪತ್ತು ಡೆಸಿಬೆಲ್ ಕಳೆದುಹೋಗುವುದುಂಟು. ತಗಡಿನ ಛಾವಣಿ ತರಂಗವನ್ನು ಹಿಂದಕ್ಕೆ ಎಸೆಯುತ್ತದೆ. ಮಳೆಹನಿಗಳಿಂದ ಈ ಆವೃತ್ತಿಗಳಲ್ಲಿ ಹೇಳಿಕೊಳ್ಳುವಂತಹ ತೊಂದರೆಯಿಲ್ಲ, ಆದರೆ ನೆನೆದ ಎಲೆಗಳ ದಟ್ಟಣೆ ಬಲವನ್ನು ಹೀರುತ್ತದೆ. 700 ಮತ್ತು 900 ಮೆಗಾಹರ್ಟ್ಸ್ ತರಂಗಗಳು ಉದ್ದವಾದವು, 43 ಮತ್ತು 33 ಸೆಂಟಿಮೀಟರ್; ಇವು ಗುಡ್ಡದ ಅಂಚಿನಲ್ಲಿ ತುಸು ಬಾಗಿ ಆಚೆಯ ಕಣಿವೆಗೂ ಇಳಿಯುತ್ತವೆ. 2300 ಅಥವಾ 3500 ಮೆಗಾಹರ್ಟ್ಸ್ ತರಂಗಗಳು ಹೆಚ್ಚು ಮಾಹಿತಿಯನ್ನು ಹೊರಬಲ್ಲ ಅಗಲವಾದ ಪಟ್ಟಿಗಳಲ್ಲಿ ದೊರೆಯುತ್ತವೆ, ಬಾಗುವ ಗುಣ ಮಾತ್ರ ಕಡಿಮೆ. ಬಯಲುಸೀಮೆಯ ಊರಿಗೆ ಒಪ್ಪಿದ ಗೋಪುರ ಮಲೆನಾಡಿನ ಕಣಿವೆಗೆ ಒಪ್ಪದಿರುವುದು ಇದರಿಂದಲೇ.

ಗುಡ್ಡದ ನೆತ್ತಿಗೆ ಹೋದವರ ಅನುಭವವನ್ನೂ ಈ ಬೆಳಕಿನಲ್ಲಿ ನೋಡಬಹುದು. ನೆತ್ತಿಯಿಂದ ಗೋಪುರ ನೇರವಾಗಿ ಕಾಣುವುದರಿಂದ ಬಲ ಏರುತ್ತದೆ. ಆದರೆ ಕೆಲವೊಮ್ಮೆ ಅಲ್ಲಿಂದ ಮೂರು ದಿಕ್ಕಿನ ನಾಲ್ಕು ಗೋಪುರಗಳು ಒಟ್ಟಿಗೇ ಕಾಣುತ್ತವೆ; ಎಲ್ಲವೂ ಒಂದೇ ಆವೃತ್ತಿಯಲ್ಲಿ ಮಾತಾಡಿದರೆ ಬಲ ಉತ್ತಮವಾಗಿದ್ದರೂ ಅನುಪಾತ ಹಾಳಾಗುತ್ತದೆ. ಅಂತಹ ಕಡೆ ನೆತ್ತಿಯಿಂದ ನೂರು ಹೆಜ್ಜೆ ಕೆಳಗಿಳಿದು, ಒಂದು ಗೋಪುರ ಮಾತ್ರ ಕಾಣುವ ಇಳಿಜಾರಿನಲ್ಲಿ ಕುಳಿತವನಿಗೆ ಹೆಚ್ಚಿನ ವೇಗ ಸಿಕ್ಕೀತು. ಅಳೆಯದವನು ಮಾತ್ರ ಮೇಲೆ ಮೇಲೆ ಹತ್ತುತ್ತಲೇ ಇರುತ್ತಾನೆ.

ಇದುವರೆಗೆ ಹೇಳಿದ್ದು ಗೋಪುರದಿಂದ ಮೊಬೈಲಿಗೆ ಬರುವ ದಾರಿ. ಹಿಂದಿರುಗುವ ದಾರಿ ಇನ್ನೂ ಕಠಿಣ. ಗೋಪುರಕ್ಕೆ ಹತ್ತಾರು ವ್ಯಾಟ್ ಶಕ್ತಿಯಿದ್ದರೆ ನಾಲ್ಕನೆಯ ಪೀಳಿಗೆಯ ಸಾಮಾನ್ಯ ಮೊಬೈಲಿಗೆ ಇರುವುದು ಹೆಚ್ಚೆಂದರೆ ಒಂದು ವ್ಯಾಟಿನ ಐದನೆಯ ಒಂದು ಭಾಗ. ಆದುದರಿಂದ ಕೋಶದ ಅಂಚಿನಲ್ಲಿರುವ ವಿದ್ಯಾರ್ಥಿಗೆ ಗುರುಗಳ ಮಾತು ಸ್ಪಷ್ಟವಾಗಿ ಕೇಳುತ್ತದೆ. ಅವನು ಕೊಟ್ಟ ಉತ್ತರ ಗುರುಗಳಿಗೆ ತಲುಪುವುದಿಲ್ಲ. ಹುಡುಗ ಸುಮ್ಮನಿದ್ದಾನೆಂದು ಭಾವಿಸಿದ ಎಷ್ಟು ಸಂದರ್ಭಗಳಲ್ಲಿ ನಿಜವಾದ ಕಾರಣ ಇದಾಗಿತ್ತೋ! ಇಂತಹ ಸ್ಥಳದಲ್ಲಿ ಮೊಬೈಲ್ ತನ್ನ ಪೂರ್ಣ ಶಕ್ತಿಯಿಂದ ಕೂಗುತ್ತಿರುವುದರಿಂದ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಗೋಪುರದ ಹತ್ತಿರವಿದ್ದಾಗ ಅದೇ ಮೊಬೈಲ್ ತನ್ನ ಶಕ್ತಿಯನ್ನು ಬಹುಪಾಲು ತಗ್ಗಿಸಿಕೊಳ್ಳುತ್ತದೆ.

ಪಟ್ಟಣಗಳಲ್ಲಿ ಕೆಲವರು ಇದಕ್ಕೆ ಬೂಸ್ಟರ್ ಎಂಬ ಪೆಟ್ಟಿಗೆಯನ್ನು ತಂದು ಛಾವಣಿಯ ಮೇಲೆ ಕಟ್ಟಿಸುತ್ತಾರೆ. ಮನೆಯಲ್ಲಿ ಕಡ್ಡಿಗಳು ತುಂಬುತ್ತವೆ. ಆದರೆ ಆ ಪೆಟ್ಟಿಗೆ ಸಂಕೇತದ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಗೋಪುರದತ್ತ ಎಸೆಯುತ್ತದೆ. ದೂರದಿಂದ ಕ್ಷೀಣವಾಗಿ ಬರುತ್ತಿರುವ ಇತರರ ಸಂಕೇತಗಳು ಆ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಒಬ್ಬನ ಮನೆಯ ಸೌಕರ್ಯಕ್ಕೆ ಇಡೀ ಬಡಾವಣೆ ತೆರುವ ಬೆಲೆ ಇದು. ಅನುಮತಿಯಿಲ್ಲದೆ ಇಂತಹ ಸಾಧನವನ್ನು ಇರಿಸಿಕೊಳ್ಳುವುದು ಭಾರತದಲ್ಲಿ ಕಾನೂನಿಗೆ ವಿರುದ್ಧ.

ಜಾಲದ ಪರೀಕ್ಷೆಯನ್ನು ವೃತ್ತಿಯವರು ನಡೆಸುವ ಕ್ರಮಕ್ಕೆ ಡ್ರೈವ್ ಟೆಸ್ಟ್ ಎಂದು ಹೆಸರು. ವಾಹನವೊಂದರಲ್ಲಿ ಬೇರೆಬೇರೆ ಕಂಪನಿಗಳ ಸಿಮ್ ಇರುವ ಹಲವು ಮೊಬೈಲ್‌ಗಳನ್ನೂ, ಎಲ್ಲ ಆವೃತ್ತಿಗಳನ್ನು ಒಂದೊಂದಾಗಿ ಆಲಿಸುವ ಗ್ರಾಹಕವನ್ನೂ, ಉಪಗ್ರಹಗಳಿಂದ ಸ್ಥಾನವನ್ನು ತಿಳಿಯುವ ಜಿಪಿಎಸ್ ಯಂತ್ರವನ್ನೂ ಇಟ್ಟು ರಸ್ತೆಯುದ್ದಕ್ಕೂ ಓಡಿಸುತ್ತಾರೆ. ಮೊಬೈಲ್‌ಗಳು ತಾವೇ ಕರೆ ಮಾಡುತ್ತ, ಕಡತಗಳನ್ನು ಇಳಿಸಿಕೊಳ್ಳುತ್ತ ಹೋಗುತ್ತವೆ. ಪ್ರತಿ ಕ್ಷಣದ ಬಲ, ಅನುಪಾತ, ವೇಗ, ಕಡಿದ ಕರೆಗಳು ಸ್ಥಾನದೊಡನೆ ದಾಖಲಾಗುತ್ತವೆ. ಕೊನೆಗೆ ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಚುಕ್ಕೆಗಳ ಸಾಲು ಮೂಡುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ ಇಂತಹ ಪರೀಕ್ಷೆಗಳನ್ನು ನಡೆಸಿ ಫಲಿತಾಂಶಗಳನ್ನು ಪ್ರಕಟಿಸುತ್ತದೆ. ಜನಸಂದಣಿಯ ಸ್ಥಳಗಳಲ್ಲಿ ನಡೆದಾಡುತ್ತ ಅಳೆಯುವ ಕ್ರಮವೂ ಉಂಟು. 2024ರ ಗುಣಮಟ್ಟ ನಿಯಮಾವಳಿಯಂತೆ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕಾಗಿದೆ. ಆದರೆ ವಾಹನ ಓಡುವುದು ರಸ್ತೆಯ ಮೇಲೆ. ರಸ್ತೆಯಿಂದ ಎರಡು ಮೈಲಿ ಒಳಗೆ, ಅಡಕೆ ತೋಟದಾಚೆಯ ತಗ್ಗಿನಲ್ಲಿರುವ ಒಂಟಿಮನೆಯ ಒಳಕೋಣೆ ಯಾವ ನಕ್ಷೆಯಲ್ಲಿಯೂ ನಿಜವಾದ ಬಣ್ಣದಲ್ಲಿ ಕಾಣುವುದಿಲ್ಲ. ಅದನ್ನು ಅಳೆಯಬಲ್ಲವರು ಆ ಮನೆಯವರೇ.

ಅದಕ್ಕೆ ಬೇಕಾದ ಉಪಕರಣ ಅವರ ಕೈಯಲ್ಲೇ ಇದೆ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್ ಒಳಗೆ ಫೋನಿನ ವಿವರ, ಅದರೊಳಗೆ ಸಿಮ್ ಸ್ಥಿತಿ ಎಂಬಲ್ಲಿ ಸಂಕೇತಬಲ ಡಿಬಿಎಂ ಮಾನದಲ್ಲಿ ಕಾಣುತ್ತದೆ. ಪಕ್ಕದಲ್ಲಿ ಎಎಸ್‌ಯು ಎಂಬ ಇನ್ನೊಂದು ಸಂಖ್ಯೆಯಿದ್ದರೆ, ನಾಲ್ಕನೆಯ ಪೀಳಿಗೆಯಲ್ಲಿ ಅದರಿಂದ 140 ಕಳೆದಾಗ ಅದೇ ಡಿಬಿಎಂ ಬರುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಎಸ್‌ಐಎನ್‌ಆರ್ ಮತ್ತು ಕೋಶದ ಗುರುತುಸಂಖ್ಯೆಯನ್ನು ತೋರಿಸುವ ಉಚಿತ ತಂತ್ರಾಂಶಗಳೂ ದೊರೆಯುತ್ತವೆ.

ಅಳೆಯುವಾಗ ಒಂದು ಸೂಕ್ಷ್ಮವಿದೆ. ಗೋಪುರದಿಂದ ನೇರವಾಗಿ ಬಂದ ತರಂಗವೂ, ಬಂಡೆಗೆ ಗೋಡೆಗೆ ಬಡಿದು ಬಂದ ತರಂಗಗಳೂ ಒಂದೆಡೆ ಕೂಡಿ ಬಲಗೊಳ್ಳುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ. 1800 ಮೆಗಾಹರ್ಟ್ಸ್ ತರಂಗದ ಅರ್ಧ ಉದ್ದ ಸುಮಾರು 8 ಸೆಂಟಿಮೀಟರ್. ಆದುದರಿಂದ ಮೊಬೈಲನ್ನು ನಾಲ್ಕು ಬೆರಳಿನಷ್ಟು ಸರಿಸಿದರೂ ಅಂಕಿ ಹತ್ತರಷ್ಟು ಏರಿಳಿಯಬಹುದು. ಒಂದೇ ಅಂಕಿಯನ್ನು ನಂಬದೆ, ಸಾಧನವನ್ನು ಮೇಜಿನ ಮೇಲಿಟ್ಟು ಕೈ ತೆಗೆದು, ಸ್ವಲ್ಪ ಸ್ವಲ್ಪ ಸರಿಸುತ್ತ ಐದಾರು ಅಂಕಿಗಳನ್ನು ಬರೆದುಕೊಂಡು ನಡುವಿನದನ್ನು ಆರಿಸಬೇಕು. ಅಂಗಳದಲ್ಲೊಮ್ಮೆ, ಒಳಕೋಣೆಯಲ್ಲೊಮ್ಮೆ ಅಳೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೆಳಗಿನ ಐದು ಗಂಟೆಗೂ ರಾತ್ರಿಯ ಒಂಬತ್ತು ಗಂಟೆಗೂ ಅದೇ ಜಾಗದಲ್ಲಿ ಬಲವನ್ನೂ ವೇಗವನ್ನೂ ಅಳೆಯಬೇಕು.

ಹೀಗೆ ಒಂದು ವಾರ ಬರೆದಿಟ್ಟರೆ ರೋಗ ತಾನಾಗಿ ಗುರುತು ಸಿಗುತ್ತದೆ. ಅಂಗಳದಲ್ಲಿಯೇ ಬಲ -115ರ ಕೆಳಗಿದ್ದರೆ ಅದು ವ್ಯಾಪ್ತಿಯ ಕೊರತೆ. ಹೊಸ ಗೋಪುರವನ್ನೋ ಕಡಿಮೆ ಆವೃತ್ತಿಯ ಪಟ್ಟಿಯನ್ನೋ ಕೇಳಬೇಕು. ಬಲ -85 ಇದ್ದು ಅನುಪಾತ ಸೊನ್ನೆಯ ಬಳಿ ಇದ್ದರೆ ಉಪದ್ರವ. ಆಂಟೆನಾಗಳ ಬಾಗನ್ನು ತಿದ್ದುವುದರಿಂದ, ಇಲ್ಲವೆ ಹತ್ತಿರದ ಅಕ್ರಮ ಬೂಸ್ಟರನ್ನು ತೆಗೆಸುವುದರಿಂದ ಇದು ಸರಿಹೋಗುತ್ತದೆ. ಬಲವೂ ಅನುಪಾತವೂ ಚೆನ್ನಾಗಿದ್ದು ಮುಂಜಾನೆ ವೇಗ, ರಾತ್ರಿ ತೆವಳಿಕೆ ಎಂದಾದರೆ ಪಂಕ್ತಿ ತುಂಬಿದೆ. ಗೋಪುರದ ಸಾಮರ್ಥ್ಯ ಹೆಚ್ಚಬೇಕು. ಎಲ್ಲ ಹೊತ್ತಿನಲ್ಲಿಯೂ ನಿಧಾನವೇ ಆದರೆ ಗೋಪುರವನ್ನು ಊರಾಚೆಯ ಜಾಲಕ್ಕೆ ಜೋಡಿಸುವ ಕೊಂಡಿಯನ್ನು ಸಂಶಯಿಸಬೇಕು. ಎಷ್ಟೋ ಕಡೆ ಈ ಕೊಂಡಿ ಗಾಜಿನ ಎಳೆಯಲ್ಲ, ಬಟ್ಟಲಿನಾಕಾರದ ಆಂಟೆನಾಗಳ ನಡುವಿನ ಮೈಕ್ರೋವೇವ್. ಅದು ಹೆಚ್ಚಿನ ಆವೃತ್ತಿಯದಾದ್ದರಿಂದ ಜಡಿಮಳೆಗೆ ಕುಗ್ಗುತ್ತದೆ. ಇಲ್ಲಿ ಎರಡನೆಯ ಗೋಪುರ ನಿಲ್ಲಿಸಿ ಅದೇ ಕೊಂಡಿಗೆ ಕಟ್ಟಿದರೆ ದುಡ್ಡು ವ್ಯರ್ಥ. ಕರೆಂಟು ಹೋದ ಒಂದೆರಡು ಗಂಟೆಯ ಮೇಲೆ ಸಂಪರ್ಕವೂ ಹೋಗುವುದಾದರೆ ತರಂಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗೋಪುರದ ಬ್ಯಾಟರಿ ಸತ್ತಿದೆ, ಇಲ್ಲವೆ ಜನರೇಟರಿಗೆ ಡೀಸೆಲ್ ಇಲ್ಲ.

ದೂರು ಕೊಡುವಾಗ ದಿನಾಂಕ, ಗಂಟೆ, ಸ್ಥಳ, ಬಲ, ಅನುಪಾತ, ವೇಗ, ಕೋಶದ ಗುರುತುಸಂಖ್ಯೆ ಇವಿಷ್ಟನ್ನೂ ಪಟ್ಟಿಮಾಡಿ ಲಗತ್ತಿಸಬೇಕು. ದೂರು ಮೊದಲು ಹೋಗಬೇಕಾದುದು ಕಂಪನಿಯ ದೂರು ಕೇಂದ್ರಕ್ಕೆ. ಅಲ್ಲಿ ಕೊಟ್ಟ ನೋಂದಣಿ ಸಂಖ್ಯೆಯನ್ನು ಜೋಪಾನ ಮಾಡಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಊರಿನ ಹತ್ತು ಮನೆಗಳ ಅಳತೆ ಒಂದೇ ಪಟ್ಟಿಯಲ್ಲಿದ್ದರೆ, ಯಾವ ಕೋಶದ ಯಾವ ದಿಕ್ಕಿನಲ್ಲಿ ದೋಷವಿದೆ ಎಂಬುದನ್ನು ಕಂಪನಿಯ ಎಂಜಿನಿಯರು ಊರಿಗೆ ಬರುವ ಮೊದಲೇ ತನ್ನ ನಕ್ಷೆಯಲ್ಲಿ ಗುರುತಿಸಬಲ್ಲನು.